ಅವಧಿಗೆ ಮುನ್ನ ಹುಟ್ಟಿದ ಮಗುವಿಗೆ ಮಸಾಜ್ ಮಾಡಬಹುದೇ?

ಪ್ರಶ್ನೆ (ಮಂಡ್ಯದಿಂದ): ನನ್ನ ಮಗಳು 31ನೇ ವಾರಕ್ಕೇ ಹುಟ್ಟಿ, ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಇದ್ದಾಳೆ. ಸವರಿದರೆ ಬೆಚ್ಚಿಬೀಳುತ್ತಾಳೆ. ಮನೆಗೆ ಕರೆತಂದ ದಿನದಿಂದಲೇ ಎಣ್ಣೆ ತೀಡಬೇಕೆಂದು ಅತ್ತೆಯವರು ಹೇಳುತ್ತಿದ್ದಾರೆ. ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ (ಮೈಸೂರಿನಿಂದ): ಸಹೋದರಿ, ನನ್ನ ಮಗ 30ನೇ ವಾರಕ್ಕೆ ಹುಟ್ಟಿದವನು. ಮೊದಲ ಸಲ ಬೆರಳ ತುದಿಯಿಂದ ಅವನ ತೋಳನ್ನು ಮೆಲ್ಲಗೆ ಸವರಿದಾಗ ಐದೂ ಬೆರಳುಗಳನ್ನು ಅಗಲಿಸಿ, ಹುಬ್ಬು ಗಂಟಿಕ್ಕಿದ. ಮಾನಿಟರ್‌ನಲ್ಲಿ ಆಮ್ಲಜನಕದ ಅಂಕಿ ಇಳಿದು ಸದ್ದಾಯಿತು. ನನ್ನ ಸ್ಪರ್ಶವೇ ಅವನಿಗೆ ಕೆಡುಕೆಂದು ಹೆದರಿ ಎರಡು ದಿನ ಕೈ ಚಾಚಲಿಲ್ಲ. ಆ ಎರಡು ದಿನಗಳ ಸಂಕಟ ನಿಮಗೆ ಬೇಡ ಎಂದೇ ಇದನ್ನು ಬರೆಯುತ್ತಿದ್ದೇನೆ.

ಅಲ್ಲಿನ ಸಿಸ್ಟರ್ ಕಲಿಸಿಕೊಟ್ಟದ್ದು ಇಷ್ಟು: ಬಳೆ, ಉಂಗುರ ತೆಗೆದು, ಮೊಣಕೈವರೆಗೆ ತೊಳೆದು ಒರೆಸಿದ ಬೆಚ್ಚನೆಯ ಒಂದು ಅಂಗೈಯನ್ನು ಮಗುವಿನ ತಲೆಯ ಮೇಲೆ, ಇನ್ನೊಂದನ್ನು ಮಡಿಸಿದ ಕಾಲುಗಳ ಮೇಲೆ ಇಟ್ಟು, ಅಲುಗಾಡಿಸದೆ ಹಾಗೆಯೇ ಇರಬೇಕು. ಹಗುರವಾದ ಸವರುವಿಕೆ ಈ ಮಕ್ಕಳಿಗೆ ಕಚಗುಳಿಯಂತೆ ಕಿರಿಕಿರಿಯಾಗುತ್ತದೆ. ಗರ್ಭದ ಗೋಡೆಯಂತೆ ಸುತ್ತುವರಿದು ನಿಂತ ಕೈ ಸಮಾಧಾನ ತರುತ್ತದೆ. ಸ್ವಲ್ಪ ಹೊತ್ತಿನಲ್ಲೇ ಅವನ ಮುಷ್ಟಿ ಸಡಿಲಗೊಂಡು ಉಸಿರು ಒಂದೇ ಲಯಕ್ಕೆ ಬಂದದ್ದನ್ನು ನಾನು ಕಣ್ಣಾರೆ ಕಂಡೆ. ಕೈ ತೆಗೆಯುವಾಗಲೂ ಒಂದಾದ ಮೇಲೆ ಒಂದರಂತೆ ನಿಧಾನವಾಗಿ ತೆಗೆಯಿರಿ. ಬಿಕ್ಕಳಿಕೆ, ಮೇಲಿಂದ ಮೇಲೆ ಆಕಳಿಕೆ, ಮೈಬಣ್ಣ ಬದಲಾಗುವುದು, ಬೆನ್ನು ಬಿಲ್ಲಿನಂತೆ ಬಾಗುವುದು, ಇವೆಲ್ಲ ಸಾಕೆನ್ನುವ ಸೂಚನೆಗಳು.

ಮಸಾಜ್ ಆಮೇಲಿನ ಮಾತು. ಮಗು ಸ್ಥಿರಗೊಂಡು ವೈದ್ಯರು ಒಪ್ಪಿದ ನಂತರ, ಹಾಲು ಕುಡಿದ ಕೂಡಲೇ ಅಲ್ಲದ ಹೊತ್ತಿನಲ್ಲಿ, ಹದವಾದ ಒತ್ತಡದಿಂದ ಮಾಡಬೇಕು. ಅಮೆರಿಕದ ಟಿಫನಿ ಫೀಲ್ಡ್ ಮತ್ತು ಸಂಗಡಿಗರು 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದಿನಕ್ಕೆ 3 ಬಾರಿ 15 ನಿಮಿಷದಂತೆ 10 ದಿನ ಮಸಾಜ್ ಪಡೆದ ಶಿಶುಗಳ ತೂಕ ಉಳಿದವರಿಗಿಂತ ದಿನಕ್ಕೆ ಶೇ. 47ರಷ್ಟು ಹೆಚ್ಚಾಗಿ ಏರಿತ್ತು.

ಉತ್ತರ (ಶ್ರೀರಂಗಪಟ್ಟಣದಿಂದ): ಮೇಲಿನ ಅಕ್ಕನವರ ಮಾತಿಗೆ ತಂದೆಯಾಗಿ ಒಂದೆರಡು ಸೇರಿಸುತ್ತೇನೆ. ಕಾಂಗರೂ ಆರೈಕೆಯನ್ನು, ಅಂದರೆ ಮಗುವನ್ನು ಮೈಗೆ ಮೈ ತಾಗುವಂತೆ ಎದೆಗೆ ಒರಗಿಸಿಕೊಳ್ಳುವುದನ್ನು, ಬಿಡಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಇದನ್ನು ದಿನಕ್ಕೆ 8ರಿಂದ 24 ಗಂಟೆ ಕೊಡಬೇಕೆಂದು ಹೇಳಿದೆ. ಅಷ್ಟು ಹೊತ್ತು ಬಾಣಂತಿಯೊಬ್ಬಳಿಂದಲೇ ಆಗದು. ನನ್ನ ಹೆಂಡತಿ ಊಟ, ನಿದ್ದೆಗೆ ಹೋದಾಗ ನಾನು ಅಂಗಿಯ ಗುಂಡಿ ಬಿಚ್ಚಿ, ಟೋಪಿ ಮತ್ತು ಡಯಾಪರ್ ಮಾತ್ರ ಹಾಕಿದ್ದ ಮಗಳನ್ನು ಎದೆಗೆ ಒರಗಿಸಿಕೊಂಡು ಕೂರುತ್ತಿದ್ದೆ.

ಎಣ್ಣೆ ಯಾವುದು, ಯಾವಾಗಿನಿಂದ ಎಂಬುದನ್ನು ವೈದ್ಯರೇ ಹೇಳಲಿ. ಕಿವಿ, ಮೂಗಿಗೆ ಎಣ್ಣೆ ಬಿಡುವುದು ಮಾತ್ರ ಯಾವ ಮಗುವಿಗೂ ಬೇಡ. ಮೂಗಿಗೆ ಬಿಟ್ಟದ್ದು ಶ್ವಾಸಕೋಶಕ್ಕೆ ಇಳಿಯಬಹುದು. ಹಿರಿಯರನ್ನು ದೂರವಿಡಬೇಕಾಗಿಲ್ಲ. ನಮ್ಮ ತಾಯಿಯವರನ್ನು ತಪಾಸಣೆಯ ದಿನ ಜೊತೆಗೆ ಕರೆದೊಯ್ದೆವು. ವೈದ್ಯರ ಬಾಯಿಂದಲೇ ಕೇಳಿದ ಮೇಲೆ ಅವರು ಎಣ್ಣೆಯ ಬಟ್ಟಲನ್ನು ಎತ್ತಿಟ್ಟು, ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡು, ಮೊಮ್ಮಗಳ ಪಾದ ಹಿಡಿದು ಕೂರತೊಡಗಿದರು.