ಮೈನೂ ಬೆಂಚಲ್ಲಿ ಕೂತಿರುವಾಗ ಕ್ಯಾಸೆಮಿರೊಗೆ ಇನ್ನೂ ಸ್ಟಾರ್ಟಿಂಗ್ ಜಾಗ ಕೊಡಬೇಕಾ?

ರೆಡ್‌ಡೆವಿಲ್_ಮೈಸೂರು | ಸೆಪ್ಟೆಂಬರ್ 21, 2025

ನಿನ್ನೆ ರಾತ್ರಿ ನಮ್ಮ ಮ್ಯಾಂಚೆಸ್ಟರ್ ಯುನೈಟೆಡ್‌ದು ಚೆಲ್ಸಿ ವಿರುದ್ಧದ ಮ್ಯಾಚ್ ಎಲ್ರೂ ನೋಡಿರ್ತೀರ. 2-1 ಗೆದ್ವಿ, ಖುಷಿ ಇದೆ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಐದನೇ ನಿಮಿಷಕ್ಕೇ ಅವ್ರ ಕೀಪರ್ ಸ್ಯಾಂಚೆಜ್ ರೆಡ್ ಕಾರ್ಡ್ ತಗೊಂಡು ಹೋದ, ನಮ್ಮ ಕ್ಯಾಪ್ಟನ್ ಬ್ರೂನೋ ಒಂದು ಹೊಡೆದ, 37ನೇ ನಿಮಿಷಕ್ಕೆ ಡಿಫೆನ್ಸಿವ್ ಮಿಡ್‌ಫೀಲ್ಡರ್ ಕ್ಯಾಸೆಮಿರೊ ಹೆಡರ್‌ನಲ್ಲಿ ಇನ್ನೊಂದು, ಓಲ್ಡ್ ಟ್ರಾಫರ್ಡ್‌ನಲ್ಲಿ ಹತ್ತು ಜನರ ಮೇಲೆ ಹನ್ನೊಂದು ಜನ ಆಡ್ತಾ 2-0 ಮುಂದಿದ್ದೀವಿ, ಅಷ್ಟೆಲ್ಲಾ ಕೈಯಲ್ಲಿರುವಾಗ ಹಾಫ್ ಟೈಮ್ ಸೀಟಿ ಊದೋಕೆ ಇನ್ನೇನು ಸ್ವಲ್ಪ ಹೊತ್ತಿದೆ ಅನ್ನುವಾಗ ಅದೇ ಮನುಷ್ಯ ಆಂಡ್ರೆ ಸ್ಯಾಂಟೋಸ್‌ನ ಹಿಡಿದು ಎಳೆದು ಎರಡನೇ ಎಲ್ಲೋ ಕಾರ್ಡ್, ಅಂದ್ರೆ ರೆಡ್, ತಗೊಂಡು ಹೊರಗೆ. ಐದು ಚಾಂಪಿಯನ್ಸ್ ಲೀಗ್ ಗೆದ್ದಿರೋ ಆಟಗಾರ ಮಾಡೋ ಕೆಲಸನಾ ಅದು? ಆಮೇಲೆ 80ನೇ ನಿಮಿಷಕ್ಕೆ ಚಲೋಬಾ ಗೋಲ್ ಹೊಡೆದಾಗಿಂದ ಕೊನೇವರೆಗೂ ಉಸಿರು ಬಿಗಿ ಹಿಡ್ಕೊಂಡೇ ನೋಡಿದ್ದು ನಾನು.

ಇದೊಂದೇ ಮ್ಯಾಚ್ ಆಗಿದ್ರೆ ಈ ಥ್ರೆಡ್ ಹಾಕ್ತಾನೇ ಇರ್ಲಿಲ್ಲ. 2023ರ ಫೆಬ್ರವರಿಯಲ್ಲಿ ಕ್ರಿಸ್ಟಲ್ ಪ್ಯಾಲೆಸ್ ವಿರುದ್ಧ ರೆಡ್, ಮಾರ್ಚ್‌ನಲ್ಲಿ ಸೌತಾಂಪ್ಟನ್ ವಿರುದ್ಧ ರೆಡ್, ಅಕ್ಟೋಬರ್‌ನಲ್ಲಿ ಗಲಾಟಸರಾಯ್ ವಿರುದ್ಧ ರೆಡ್. 2024ರ ಮೇನಲ್ಲಿ ಪ್ಯಾಲೆಸ್ ಹತ್ರ 4-0 ಸೋತಾಗ ಸೆಂಟರ್ ಬ್ಯಾಕ್ ಜಾಗದಲ್ಲಿ ಅವನು ಪಟ್ಟ ಪಾಡು ನೋಡೋಕೇ ಆಗ್ತಿರ್ಲಿಲ್ಲ, ಅವತ್ತೇ ಹಳೇ ಲಿವರ್‌ಪೂಲ್ ಆಟಗಾರ ಕ್ಯಾರಗರ್ ಟಿವಿಯಲ್ಲಿ ಫುಟ್‌ಬಾಲ್ ನಿನ್ನ ಬಿಡೋಕೆ ಮುಂಚೆ ನೀನೇ ಅದನ್ನ ಬಿಡು ಅನ್ನೋ ಅರ್ಥದಲ್ಲಿ ಹೇಳಿದ್ದು. ಅದಾದ ಮೇಲೆ ಸೆಪ್ಟೆಂಬರ್‌ನಲ್ಲಿ ಲಿವರ್‌ಪೂಲ್ ಮ್ಯಾಚ್, ಎರಡು ಸಲ ಬಾಲ್ ಕಳ್ಕೊಂಡ, ಎರಡೂ ಲೂಯಿಸ್ ಡಿಯಾಜ್ ಗೋಲ್ ಆಯ್ತು, ಹಾಫ್ ಟೈಮ್‌ಗೆ ಅವನನ್ನ ತೆಗೆದು ಟೋಬಿ ಕಾಲಿಯರ್ ಅನ್ನೋ ಹುಡುಗನ್ನ ಇಳಿಸಿದ್ರು.

ಈಗ ಅವನಿಗೆ 33. ಕಾಂಟ್ರಾಕ್ಟ್ ಮುಂದಿನ ಜೂನ್‌ವರೆಗೆ. ಆ ಕಡೆ 20 ವರ್ಷದ ಮಿಡ್‌ಫೀಲ್ಡರ್ ಕಾಬಿ ಮೈನೂ, ಎಫ್‌ಎ ಕಪ್ ಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿ ವಿರುದ್ಧ ಗೋಲ್ ಹೊಡೆದವನು, ಇಂಗ್ಲೆಂಡ್‌ಗೆ ಯುರೋ ಫೈನಲ್ ಸ್ಟಾರ್ಟ್ ಮಾಡಿದವನು, ಈ ಸೀಸನ್ ಲೀಗ್‌ನಲ್ಲಿ ಒಂದು ಸ್ಟಾರ್ಟ್ ಕೂಡ ಇಲ್ಲ. ಲೀಗ್ ಕಪ್‌ನಲ್ಲಿ ಕೆಳಗಿನ ಡಿವಿಷನ್‌ನ ಗ್ರಿಮ್ಸ್‌ಬಿ ಮ್ಯಾಚ್‌ಗೆ ಮಾತ್ರ ಬೇಕಾದ ಅವನು. ಇದು ಸರಿನಾ ಅಂತ ನನ್ನ ಪ್ರಶ್ನೆ. ಹೆಸರು ನೋಡಿ ಜಾಗ ಕೊಡ್ತಿದ್ದಾರಾ ಅಥವಾ ಆಟ ನೋಡಿ ಕೊಡ್ತಿದ್ದಾರಾ?

---

ಕಿರಣ್_ಜಯನಗರ

ಗುರು, ರೆಡ್ ಕಾರ್ಡ್ ದಡ್ಡತನ, ಅದನ್ನ ನಾನು ಸಮರ್ಥಿಸ್ಕೊಳಲ್ಲ. ಆದ್ರೆ ನೀನು ಲಿಸ್ಟ್ ಮಾಡಿರೋದು ಬರೀ ಒಂದು ಕಡೇದು. ಅದೇ 2023ರಲ್ಲಿ ಲೀಗ್ ಕಪ್ ಫೈನಲ್‌ನಲ್ಲಿ ನ್ಯೂಕಾಸಲ್ ವಿರುದ್ಧ ಮೊದಲ ಗೋಲ್ ಯಾರ್ದು? ಆರು ವರ್ಷ ಟ್ರೋಫಿ ಇಲ್ದೆ ಇದ್ವಿ ನಾವು. ಅದೇ ಸೀಸನ್ ಕೊನೆಗೆ ಬೋರ್ನ್‌ಮತ್‌ನಲ್ಲಿ ಗಾಳಿಯಲ್ಲಿ ಹಾರಿ ಹೊಡೆದ ಗೋಲ್, 1-0, ಮೂರನೇ ಸ್ಥಾನಕ್ಕೆ ಬಂದು ಚಾಂಪಿಯನ್ಸ್ ಲೀಗ್‌ಗೆ ಹೋಗಿದ್ದು ಹಂಗೆ.

ಹಳೇದು ಬಿಡು, ಈ ವರ್ಷ ಏಪ್ರಿಲ್ ತಗೋ. ಯುರೋಪ ಲೀಗ್‌ನ ಲಿಯಾನ್ ಮ್ಯಾಚ್. ಎಕ್ಸ್‌ಟ್ರಾ ಟೈಮ್‌ನಲ್ಲಿ 4-2 ಹಿಂದೆ ಇದ್ವಿ, ಸ್ಟೇಡಿಯಂನಿಂದ ಜನ ಎದ್ದು ಹೋಗ್ತಿದ್ರು. ಪೆನಾಲ್ಟಿ ಗಿಟ್ಟಿಸಿದ್ದು ಕ್ಯಾಸೆಮಿರೊ. 4-4 ಮಾಡಿದ ಮೈನೂ ಗೋಲ್‌ಗೆ ಪಾಸ್ ಕೊಟ್ಟಿದ್ದು ಕ್ಯಾಸೆಮಿರೊ. ಮ್ಯಾಗ್ವಾಯರ್ ಹೆಡರ್‌ಗೆ ಕ್ರಾಸ್ ಹಾಕಿದ್ದೂ ಅವನೇ. ಆಮೇಲೆ ಬಿಲ್ಬಾವೊ ಮನೆಗೆ ಹೋಗಿ 3-0 ಗೆದ್ದಾಗ ಬಾಗಿಲು ತೆಗೆದ ಮೊದಲ ಗೋಲ್ ಮತ್ತೆ ಅವನದೇ. ಜನವರಿಯಲ್ಲಿ ಹೆಚ್ಚುಕಡಿಮೆ ಬೆಂಚಲ್ಲೇ ಕೂತಿದ್ದವನು, ಒಂದು ಮಾತು ಆಡ್ಲಿಲ್ಲ, ಹೊರಗಡೆ ಹೋಗಿ ಗೋಳಾಡ್ಲಿಲ್ಲ, ಟ್ರೇನಿಂಗ್ ಮಾಡಿ ಜಾಗ ವಾಪಸ್ ತಗೊಂಡ. ಆಂಚೆಲೊಟ್ಟಿ ಬ್ರೆಜಿಲ್ ಕೋಚ್ ಆದ ತಕ್ಷಣ ಮೊದಲ ಸ್ಕ್ವಾಡ್‌ಗೇ ಕರೆದ. ರಿಯಲ್ ಮ್ಯಾಡ್ರಿಡ್‌ನಲ್ಲಿ ವರ್ಷಗಟ್ಟಲೆ ಹತ್ತಿರದಿಂದ ನೋಡಿದವನು ಹೆಸರು ನೋಡಿ ಕರೀತಾನಾ?

ಇನ್ನೊಂದು, ಅವನು ಸ್ಟಾರ್ಟ್ ಮಾಡದೆ ಇದ್ದ ಮ್ಯಾಚ್ ನೋಡು. ಮೊನ್ನೆ 14ಕ್ಕೆ ಸಿಟಿ ವಿರುದ್ಧ ಬ್ರೂನೋ ಮತ್ತೆ ಉಗಾರ್ಟೆ ಮಿಡ್‌ಫೀಲ್ಡ್, 3-0 ಸೋತ್ವಿ. ಅವತ್ತು ಕ್ಯಾಸೆಮಿರೊ ಬೆಂಚಲ್ಲಿ ಇದ್ದ.

---

ಕಾಬಿಗೆ_ಜೈ

ಮೈನೂ ಆಗಸ್ಟ್‌ನಲ್ಲೇ ಲೋನ್ ಕೇಳಿದ್ದ ಅಂತ ಎಲ್ಲಾ ಕಡೆ ಬಂತು, ಕ್ಲಬ್ ಬಿಡ್ಲಿಲ್ಲ. ಬಿಡದೆ ಇರೋದು ಸರಿ, ಆದ್ರೆ ಆಡಿಸೋದೂ ಇಲ್ಲ ಅಂದ್ರೆ ಏನರ್ಥ? ನಮ್ಮ ಅಕಾಡೆಮಿಯಲ್ಲಿ ಬೆಳೆದ ಹುಡುಗ ಅವನು. ಒತ್ತಡದಲ್ಲಿ ಬಾಲ್ ಇಟ್ಕೊಂಡು ತಿರುಗೋದು ಅವನಷ್ಟು ಚೆನ್ನಾಗಿ ಈ ಟೀಮ್‌ನಲ್ಲಿ ಬೇರೆ ಯಾರಿಗೂ ಬರಲ್ಲ. ಕ್ಯಾಸೆಮಿರೊ ಒಂದು ವರ್ಷದಲ್ಲಿ ಹೋಗ್ತಾನೆ, ಇವನು ಹತ್ತು ವರ್ಷ ಇರಬೇಕಾದವನು. ಈಗ ಬೇಜಾರು ಮಾಡಿ ಕಳಿಸ್ಬಿಟ್ರೆ ಆಮೇಲೆ ಮೂರು ಪಟ್ಟು ದುಡ್ಡು ಕೊಟ್ಟು ಅವನಂಥ ಇನ್ನೊಬ್ಬನ್ನ ಹುಡುಕ್ತಾ ಕೂರ್ತೀವಿ.

---

ಆರನೇ_ನಂಬರ್

ನಾನು ಬೆಂಗಳೂರಲ್ಲಿ ಆಸ್ಟಿನ್ ಟೌನ್ ಗ್ರೌಂಡ್‌ನಲ್ಲಿ ಆಡ್ತಾ ಬೆಳೆದವನು, ಆಡಿದ್ದೆಲ್ಲಾ ಈ ಡಿಫೆನ್ಸಿವ್ ಮಿಡ್‌ಫೀಲ್ಡ್ ಜಾಗದಲ್ಲೇ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ, ಓದಿ.

ನೀವೆಲ್ಲಾ ಆಟಗಾರನ ಬಗ್ಗೆ ಜಗಳ ಆಡ್ತಿದ್ದೀರ, ನನಗೆ ಕಾಣೋದು ಜಾಗದ ಲೆಕ್ಕ. ಮ್ಯಾಡ್ರಿಡ್‌ನಲ್ಲಿ ಅವನು ಮೂರು ಜನರ ಮಿಡ್‌ಫೀಲ್ಡ್‌ನಲ್ಲಿ ಆಡಿದ್ದು, ಒಂದು ಕಡೆ ಕ್ರೂಸ್, ಇನ್ನೊಂದು ಕಡೆ ಮೋಡ್ರಿಚ್. ಬಾಲ್ ಕಿತ್ಕೊಳ್ಳೋದು ಇವನ ಕೆಲಸ, ಕಿತ್ಕೊಂಡ ಬಾಲ್‌ನ ಪಕ್ಕದವನಿಗೆ ಕೊಟ್ರೆ ಮುಗೀತು. ಅಗಲದಲ್ಲಿ ಅವನು ಕಾಯಬೇಕಾಗಿದ್ದು ಹೆಚ್ಚಂದ್ರೆ ಮೈದಾನದ ಮೂರನೇ ಒಂದು ಭಾಗ. ಈ ಕೋಚ್ ಅಮೊರಿಮ್ ಬಂದ ಮೇಲೆ ನಮ್ಮದು ಹಿಂದೆ ಮೂರು ಜನ, ಮಧ್ಯೆ ಇಬ್ರೇ, ಮುಂದೆ ಎರಡು ಹತ್ತನೇ ನಂಬರ್, ಅಂದ್ರೆ ಅಟ್ಯಾಕಿಂಗ್ ಮಿಡ್‌ಫೀಲ್ಡರ್. ಮಧ್ಯದ ಆ ಇಬ್ರಲ್ಲಿ ಒಬ್ಬ ಬ್ರೂನೋ. ಬ್ರೂನೋ ನಮ್ಮ ಬೆಸ್ಟ್ ಪ್ಲೇಯರ್, ಆದ್ರೆ ಅವನ ಸ್ವಭಾವನೇ ಮುಂದೆ ಹೋಗೋದು, ಹೋಗ್ಬೇಕು ಕೂಡ. ಅವನು ಹೋದ ಕ್ಷಣ ಅರ್ಧ ಮೈದಾನದ ಅಗಲ ಪೂರ್ತಿ ಒಬ್ಬನೇ ನೋಡ್ಕೋಬೇಕು. ಎದುರು ಟೀಮ್ ಮೂರು ಜನ ಮಿಡ್‌ಫೀಲ್ಡರ್ ಇಟ್ಕೊಂಡು ಬಂದ್ರೆ ಒಬ್ಬ ಯಾವಾಗ್ಲೂ ಖಾಲಿ ಇರ್ತಾನೆ, ಇದಕ್ಕೆ ದೊಡ್ಡ ಲೆಕ್ಕ ಬೇಕಾಗಿಲ್ಲ.

ಕಳೆದ ಡಿಸೆಂಬರ್ 30ರ ನ್ಯೂಕಾಸಲ್ ಮ್ಯಾಚ್ ಮತ್ತೆ ಹಾಕ್ಕೊಂಡು ನೋಡಿ. ಕ್ಯಾಸೆಮಿರೊ ಮತ್ತೆ ಎರಿಕ್ಸನ್, ಇಬ್ರಿಗೂ ಮೂವತ್ತರ ಮೇಲೆ, ಎದುರಿಗೆ ಟೊನಾಲಿ, ಗಿಮರೇಸ್, ಜೊಲಿಂಟನ್. ಅರ್ಧ ಗಂಟೆ ಇವರಿಬ್ರಿಗೂ ಬಾಲ್ ಎಲ್ಲಿದೆ ಅಂತಾನೇ ಗೊತ್ತಾಗ್ಲಿಲ್ಲ. 33ನೇ ನಿಮಿಷಕ್ಕೆ ಜಿರ್ಕ್‌ಜೀನ ತೆಗೆದು ಮೈನೂನ ಇಳಿಸಿದ್ರು, ಜನ ಪಾಪ ಜಿರ್ಕ್‌ಜೀಗೆ ಕೂಗಿದ್ರು, ನಿಜವಾದ ತೊಂದರೆ ಮಧ್ಯದಲ್ಲಿತ್ತು. ಮೂರನೆಯವನು ಬಂದ ಮೇಲೆ ಆಟ ಸ್ವಲ್ಪ ಹತೋಟಿಗೆ ಬಂತು.

ಈಗ ಜರ್ಸಿ ಎಳೆಯೋ ವಿಷಯ. ಈ ಜಾಗದಲ್ಲಿ ಆಡಿದವರಿಗೆ ಗೊತ್ತಿರತ್ತೆ, ಎದುರಾಳಿ ನಿನ್ನ ದಾಟಿ ತಿರುಗಿದ, ಹಿಂದೆ ಡಿಫೆಂಡರ್ಸ್ ಸಿದ್ಧ ಇಲ್ಲ, ನಿನ್ನ ಕಾಲಲ್ಲಿ ಅವನನ್ನ ಹಿಡಿಯೋ ಸ್ಪೀಡ್ ಇಲ್ಲ, ಆಗ ಕೈ ತಾನಾಗೇ ಮುಂದೆ ಹೋಗತ್ತೆ. 25ರಲ್ಲಿ ಕಾಲು ಮಾಡ್ತಿದ್ದ ಕೆಲಸನ 33ರಲ್ಲಿ ಕೈ ಮಾಡತ್ತೆ. ಮ್ಯಾಡ್ರಿಡ್‌ನಲ್ಲೂ ಅವನು ಈ ಫೌಲ್ ಮಾಡ್ತಿದ್ದ, ಆದ್ರೆ ಅಲ್ಲಿ ಇಷ್ಟು ಸಲ ಒಂಟಿ ಆಗ್ತಿರ್ಲಿಲ್ಲ. ಹಂಗಂತ ನಿನ್ನೆಯ ಎರಡನೇ ಎಲ್ಲೋ ಕ್ಷಮಿಸೋಕೆ ಆಗಲ್ಲ, ಯಾಕಂದ್ರೆ ಎದುರಿಗೆ ಹತ್ತೇ ಜನ, ನಾವು 2-0 ಮುಂದೆ, ಸ್ಯಾಂಟೋಸ್ ಓಡಿದ್ರೆ ಓಡ್ಲಿ ಬಿಡ್ಬೇಕಿತ್ತು.

ನನ್ನ ಉತ್ತರ: ಕ್ಯಾಸೆಮಿರೊ ಬೇಕು, ಪಕ್ಕದಲ್ಲಿ ಮೈನೂ ಇರಬೇಕು, ಬ್ರೂನೋ ಮುಂದಕ್ಕೆ ಹೋಗ್ಬೇಕು. ಮೈನೂ ಬ್ರೂನೋ ಜಾಗಕ್ಕೆ ಪೈಪೋಟಿ ಅಂತ ಅಮೊರಿಮ್ ಹೇಳಿದಾರೆ, ನನಗೆ ಅರ್ಥ ಆಗದೇ ಇರೋದು ಅದೇ.

---

ರೆಡ್‌ಡೆವಿಲ್_ಮೈಸೂರು

@ಆರನೇ_ನಂಬರ್ ಅಣ್ಣ, ಚೆನ್ನಾಗಿ ಬಿಡಿಸಿ ಹೇಳಿದ್ರಿ. ಆದ್ರೆ ನೀವು ಹೇಳಿದ್ದನ್ನೇ ಹಿಡ್ಕೊಂಡು ಕೇಳ್ತೀನಿ. ಇಬ್ರೇ ಇರೋ ಮಿಡ್‌ಫೀಲ್ಡ್ ಅಂತ ಕೋಚ್ ತೀರ್ಮಾನ ಮಾಡಿ ಆಗಿದೆ, ಅವರು ಅದನ್ನ ಬದಲಾಯಿಸಲ್ಲ ಅಂತ ಎಷ್ಟೋ ಸಲ ಹೇಳಿದಾರೆ. ಹಂಗಾದ್ರೆ ಆ ಸಿಸ್ಟಮ್‌ಗೆ ಓಡೋ ಶಕ್ತಿ ಇಲ್ಲದವನನ್ನ ಯಾಕೆ ಹಾಕ್ಬೇಕು? ಸಿಸ್ಟಮ್ ತಪ್ಪು ಅನ್ನೋದು ಬೇರೆ ಮಾತು, ಇರೋ ಸಿಸ್ಟಮ್‌ಗೆ ಇವನು ಹೊಂದಲ್ಲ ಅನ್ನೋದು ನನ್ನ ಮಾತು.

@ಕಿರಣ್ ಲಿಯಾನ್ ಮ್ಯಾಚ್ ನಾನೂ ಮರೆಯಲ್ಲ, ಸಾಯೋವರೆಗೂ ಮರೆಯಲ್ಲ. ಆದ್ರೆ ಅವತ್ತು ಲಿಯಾನ್ ಹತ್ತು ಜನಕ್ಕೆ ಇಳಿದಿತ್ತು, ಆಟ ನಿಧಾನ ಆಗಿತ್ತು, ಯುರೋಪ ಲೀಗ್‌ನ ವೇಗನೇ ಬೇರೆ. ಲೀಗ್‌ನಲ್ಲಿ ಅದೇ ಸೀಸನ್ 42 ಪಾಯಿಂಟ್, 15ನೇ ಸ್ಥಾನ. ಅದರಲ್ಲೂ ಅವನ ಪಾಲಿದೆ.

---

ಹುಬ್ಬಳ್ಳಿ_ರೆಡ್

ನಮಸ್ಕಾರ್ರೀ ಎಲ್ಲಾರಿಗೂ. ನೀವು ಎಲ್ಲಾರೂ ಹೇಳೂದು ಖರೆ ಐತಿ, ಆದ್ರ ಒಂದು ಮಾತು ಯಾರೂ ಎತ್ತಲಿಲ್ಲ ನೋಡ್ರಿ. ಈ ಬ್ಯಾಸಗಿ ಟ್ರಾನ್ಸ್‌ಫರ್ ವಿಂಡೋದಾಗ ಕುನ್ಯಾ ತಂದ್ರು, ಎಂಬೆಮೊ ತಂದ್ರು, ಸೆಸ್ಕೋ ತಂದ್ರು, ಮೂರೂ ಮಂದಿ ಫಾರ್ವರ್ಡ್, 200 ಮಿಲಿಯನ್ ಪೌಂಡಿಗಿಂತ ಹೆಚ್ಚ ಖರ್ಚ ಮಾಡಿದ್ರು. ಮಿಡ್‌ಫೀಲ್ಡರ್ ಒಬ್ಬನ್ನರ ತಂದ್ರೇನು? ಬ್ರೈಟನ್ನಿನ ಬಲೇಬಾ ಬೇಕು ಬೇಕು ಅಂತ ತಿಂಗಳಗಟ್ಟಲೆ ಸುದ್ದಿ ಬಂತು, ರೊಕ್ಕ ಭಾಳ ಕೇಳ್ತಾರಂತ ಬಿಟ್ರು. ಮನಿ ಕಟ್ಟೂ ಮುಂದ ನಡುವಿನ ಕಂಬ ಬಿಟ್ಟು ಬರೇ ಬಾಗಲಾ ಕಿಟಕಿಗೆ ರೊಕ್ಕ ಸುರದಂಗ ಆತು ಇದು. ಈಗ 33 ವರ್ಷದ ಮನಷ್ಯಾನ ಮ್ಯಾಲೆ ಎಲ್ಲಾ ಭಾರ ಹಾಕಿ, ಅವಾ ಬಗ್ಗಿದ ಕೂಡ್ಲೇ ಅವನ್ನ ಬೈಯೂದು ಸರಿ ಅನಸಂಗಿಲ್ಲ ನನಗ. ಜಾಗ ಅವನಿಗೆ ಸಿಗಾಕತ್ತಿದ್ದು ಅವಾ ಚಲೋ ಅದಾನಂತ ಅಷ್ಟ ಅಲ್ರೀ, ಬ್ಯಾರೆ ಯಾರನ್ನೂ ತಂದಿಲ್ಲಂತ.

---

ಕುಡ್ಲ_ಯುನೈಟೆಡ್ | ಸೆಪ್ಟೆಂಬರ್ 28, 2025

ನಿನ್ನೆಯ ಬ್ರೆಂಟ್‌ಫರ್ಡ್ ಮ್ಯಾಚ್ ನೋಡಿ ಈ ಥ್ರೆಡ್ ಪುನಃ ಮೇಲೆ ತರ್ತಾ ಇದ್ದೇನೆ ಮಾರಾಯ್ರೆ. ಕ್ಯಾಸೆಮಿರೊ ಬ್ಯಾನ್, ಬ್ರೂನೋ ಮತ್ತೆ ಉಗಾರ್ಟೆ ಆಡಿದ್ದು, 3-1 ಸೋತದ್ದು. ಮೊದಲನೇ ಗೋಲ್ ನೋಡಿದ್ರಾ? ಅವರ ಹೆಂಡರ್ಸನ್‌ಗೆ ಹಿಂದೆ ಬಾಲ್ ಸಿಕ್ಕಿತು, ಅವನ ಹತ್ತಿರ ಒಬ್ಬನೂ ಹೋಗ್ಲಿಲ್ಲ, ಆರಾಮಲ್ಲಿ ತಲೆ ಎತ್ತಿ ನೋಡಿ ಉದ್ದ ಪಾಸ್ ಹಾಕಿದ, ಥಿಯಾಗೊ ಓಡಿ ಹೊಡೆದ. ಇಪ್ಪತ್ತು ನಿಮಿಷದಲ್ಲಿ ಎರಡು. ಸೆಸ್ಕೋ ಒಂದು ವಾಪಸ್ ಕೊಟ್ಟ, ಬ್ರೂನೋ ಪೆನಾಲ್ಟಿ ಅವರ ಕೀಪರ್ ಕೆಲೆಹರ್ ತಡೆದ, ಅಲ್ಲಿಗೆ ಮುಗೀತು.

ಉಗಾರ್ಟೆ ಓಡ್ತಾನೆ, ಇಲ್ಲ ಅಂತ ಹೇಳುದಿಲ್ಲ. ಸ್ಪೋರ್ಟಿಂಗ್‌ನಲ್ಲಿ ಅಮೊರಿಮ್ ಕೆಳಗೇ ಆಡಿದವ, ವಯಸ್ಸು ಸಣ್ಣದು. ಆದ್ರೆ ಎಲ್ಲಿಗೆ ಓಡಬೇಕು ಅಂತ ಮೊದಲೇ ಗೊತ್ತಾಗುದು ಬೇರೆ ಅಲ್ವಾ. ಕ್ಯಾಸೆಮಿರೊ ಇದ್ದಾಗ ಡಿಫೆಂಡರ್‌ಗಳಿಗೆ ಅವ ಕೈ ತೋರಿಸಿ ಹೇಳ್ತಾನೆ, ಆ ಕಡೆ ಹೋಗು, ಹಿಂದೆ ನಿಲ್ಲು ಅಂತ. ಕಾರ್ನರ್ ಬಂದ್ರೆ ನಮ್ಮ ಬಾಕ್ಸ್‌ನಲ್ಲಿ ಮೊದಲ ತಲೆ ಅವನದ್ದೇ, ಅವರ ಬಾಕ್ಸ್‌ನಲ್ಲೂ ಅವನದ್ದೇ. ಬರ್ನ್‌ಲಿ ಮ್ಯಾಚಲ್ಲಿ ಅವರ ಆಟಗಾರ ಕಲನ್‌ದು ಓನ್ ಗೋಲ್ ಅಂತ ಬರೆದ್ರು, ಆದ್ರೆ ಅದು ಕ್ಯಾಸೆಮಿರೊನ ಹೆಡರ್ ಬಾರ್‌ಗೆ ಬಡಿದು ಅವನಿಗೆ ತಾಗಿ ಒಳಗೆ ಹೋದದ್ದು. ಇಂಥದ್ದೆಲ್ಲ ಲೆಕ್ಕಕ್ಕೆ ಬರುದಿಲ್ಲ, ಇಲ್ಲದಾಗ ಮಾತ್ರ ಗೊತ್ತಾಗುದು.

---

ರೆಡ್‌ಡೆವಿಲ್_ಮೈಸೂರು

ನಿನ್ನೆ ಮ್ಯಾಚ್ ನೋಡ್ತಾ ಈ ಥ್ರೆಡ್ಡೇ ತಲೆಯಲ್ಲಿತ್ತು. ಆದ್ರೆ ಬ್ರೆಂಟ್‌ಫರ್ಡ್ ಸೋಲನ್ನ ಕ್ಯಾಸೆಮಿರೊ ಪರ ಸಾಕ್ಷಿ ಅಂತ ತಗೊಳ್ಳೋಕೆ ನಾನು ರೆಡಿ ಇಲ್ಲ. ಅವನು ಅಲ್ಲಿ ಇರ್ಲಿಲ್ಲ ಯಾಕೆ? ಅವನ ಕೈಯಾರೆ ತಂದುಕೊಂಡ ಬ್ಯಾನ್‌ನಿಂದ. ಟೀಮ್‌ಗೆ ಅಷ್ಟು ಮುಖ್ಯ ಅಂದ್ರೆ ಮೈದಾನದಲ್ಲಿ ಉಳಿಯೋದೂ ಅವನ ಕೆಲಸನೇ. ಮತ್ತೆ ನಿನ್ನೆ ಕೂಡ ಮೈನೂನ ಸ್ಟಾರ್ಟ್ ಮಾಡ್ಲಿಲ್ಲ, ಹಂಗಾಗಿ ಮೈನೂ ಇದ್ರೂ ಇದೇ ಆಗ್ತಿತ್ತು ಅಂತ ಯಾರೂ ಹೇಳೋಕೆ ಆಗಲ್ಲ, ಅವನಿಗೆ ಪರೀಕ್ಷೆನೇ ಕೊಟ್ಟಿಲ್ಲ. ನನಗೆ ಸಿಟ್ಟು ಬರ್ತಿರೋದು ಅದಕ್ಕೆ. ಒಬ್ಬ ನಾಲ್ಕು ರೆಡ್ ಕಾರ್ಡ್ ಆದ ಮೇಲೂ ಇನ್ನೊಂದು ಅವಕಾಶ ತಗೋತಾನೆ, ಇನ್ನೊಬ್ಬನಿಗೆ ಮೊದಲನೇದೇ ಸಿಗ್ತಿಲ್ಲ.

---

ಕಿರಣ್_ಜಯನಗರ

ಮೈನೂಗೆ ಅವಕಾಶ ಬೇಕು ಅನ್ನೋದರಲ್ಲಿ ನನಗೂ ನಿನಗೂ ಜಗಳ ಇಲ್ಲ ಗುರು. ಅದು ಕ್ಯಾಸೆಮಿರೊ ಜಾಗದಿಂದ ಕಿತ್ತು ಕೊಡ್ಬೇಕಾ ಅನ್ನೋದಷ್ಟೇ ಜಗಳ. ನನ್ನ ಪ್ರಕಾರ ಕೊಡ್ಬೇಕಾಗಿಲ್ಲ. ಅವನನ್ನ ಒಂದು ಗಂಟೆ ಆಡಿಸಿ, ಒಂದು ಎಲ್ಲೋ ಬಿದ್ರೆ ತಕ್ಷಣ ತೆಗೀರಿ, ಚೆಲ್ಸಿ ಮ್ಯಾಚ್‌ನಲ್ಲೇ ಇದನ್ನ ಮಾಡಿದ್ರೆ ಈ ಬ್ಯಾನ್‌ನ ಮಾತೇ ಬರ್ತಿರ್ಲಿಲ್ಲ. ಉಳಿದ ಅರ್ಧ ಗಂಟೆ ಮೈನೂಗೆ ಕೊಡಿ, ಎದುರಾಳಿ ಸುಸ್ತಾಗಿರುವಾಗ ಅವನ ಕಾಲು ಇನ್ನೂ ಚೆನ್ನಾಗಿ ಕೆಲಸ ಮಾಡತ್ತೆ.

---

ಆರನೇ_ನಂಬರ್

ಕಿರಣ್ ಹೇಳಿದ್ದು ಆಗೋ ಮಾತು, ಆದ್ರೆ ಬ್ರೂನೋ ಪಕ್ಕದಲ್ಲೇ ಇದ್ರೆ ಅರವತ್ತು ನಿಮಿಷನೂ ಕಷ್ಟ ಅಂತೀನಿ. ಶನಿವಾರ ಓಲ್ಡ್ ಟ್ರಾಫರ್ಡ್‌ನಲ್ಲಿ ಸಂಡರ್‌ಲ್ಯಾಂಡ್, ಕ್ಯಾಸೆಮಿರೊ ಬ್ಯಾನ್ ಮುಗಿದಿರತ್ತೆ, ನಮಗೆ ರಾತ್ರಿ ಏಳೂವರೆಗೆ. ಟೀಮ್ ಶೀಟ್ ಬಂದ ತಕ್ಷಣ ಇಲ್ಲೇ ಹಾಕ್ತೀನಿ. ಮಧ್ಯದ ಎರಡು ಹೆಸರು ಮೊದಲು ನೋಡಿ.