ಪದಚರ್ಚೆ: ಪಿಸ್ತೂಲಿನ ‘ಜಾಮ್’ಗೆ ಒಂದೇ ಮಾತು ಸಾಕೇ?

ಪ್ರಶ್ನೆ:
.32 ಬೋರಿನ (ಬೋರು ಎಂದರೆ ನಳಿಗೆಯ ತೂತಿನ ಅಳತೆ) ಸಣ್ಣ ಪಿಸ್ತೂಲಿನ ಕೈಪಿಡಿಯೊಂದನ್ನು ಕನ್ನಡಕ್ಕೆ ತರುವ ಕೆಲಸ ನಡೆದಿದೆ. ಫೇಲ್ಯೂರ್ ಟು ಫೀಡ್, ಸ್ಟೋವ್‌ಪೈಪ್, ಡಬಲ್ ಫೀಡ್, ರಿಮ್‌ಲಾಕ್ ಎಂದು ಮೂಲದಲ್ಲಿ ನಾಲ್ಕು ಹೆಸರಿವೆ. ಕರಡಿನಲ್ಲಿ ನಾಲ್ಕಕ್ಕೂ ‘ಗುಂಡು ಸಿಕ್ಕಿಕೊಳ್ಳುವುದು’ ಎಂದೇ ಆಗಿದೆ. ಓದುವವರಿಗೆ ಇಷ್ಟು ಸಾಕೇ? ಬಲ್ಲವರು ತಿಳಿಸಬೇಕು.

ಉತ್ತರ 1:
ಸಾಲದು. ನಾಲ್ಕರಲ್ಲೂ ಕೈ ಮಾಡಬೇಕಾದ ಕೆಲಸ ಬೇರೆ ಬೇರೆ.

ಮೊದಲು ‘ಗುಂಡು’ ತೆಗೆದುಕೊಳ್ಳಿ. ಆಡುಮಾತಿನಲ್ಲಿ ಇಡೀ ಕಾಡತೂಸೂ ಗುಂಡೇ, ನಳಿಗೆಯಿಂದ ಹಾರುವ ತುದಿಯೂ ಗುಂಡೇ. ‘ಗುಂಡು ಒಳಗೇ ಉಳಿದಿದೆ’ ಎಂದು ಬರೆದರೆ ಓದುವವನು ಏನು ಮಾಡಬೇಕು? ಇಡೀ ಕಾಡತೂಸು ಚೇಂಬರಿನಲ್ಲಿದ್ದರೆ (ನಳಿಗೆಯ ಹಿಂತುದಿಯಲ್ಲಿ ಅದು ಕೂರುವ ಗೂಡು) ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಭಾಗ) ಎಳೆದು ತೆಗೆಯಬಹುದು. ತುದಿ ಮಾತ್ರ ನಳಿಗೆಯ ನಡುವೆ ನಿಂತಿದ್ದರೆ, ಅದರ ಹಿಂದೆ ಇನ್ನೊಂದು ಹಾರಿಸಿದಾಗ ನಳಿಗೆ ಉಬ್ಬುತ್ತದೆ, ಸೀಳಲೂಬಹುದು. ಮದ್ದು, ಗುಂಡು ಬೇರೆ ಬೇರೆ ತುಂಬುವ ಕೇಪಿನ ಕೋವಿ, ಇಡೀ ಕಾಡತೂಸು ಹಾಕುವ ತೋಟೆ ಕೋವಿ ಎಂಬ ವ್ಯತ್ಯಾಸ ಮಲೆನಾಡಿನವರ ಮಾತಿನಲ್ಲಿದೆ. ಆ ‘ತೋಟೆ’ಯನ್ನೇ ಇಲ್ಲಿಗೂ ತನ್ನಿ: ಇಡಿಯಾಗಿದ್ದರೆ ತೋಟೆ, ಹಾರುವುದು ಗುಂಡು, ಉಳಿಯುವುದು ಖಾಲಿ ತೋಟೆ.

ಫೇಲ್ಯೂರ್ ಟು ಫೀಡ್‌ಗೆ ‘ತೋಟೆ ಏರಲಿಲ್ಲ’ ಸಾಕು. ತೋಟೆ ಮ್ಯಾಗಜೀನಿನಿಂದ, ಅಂದರೆ ಹಿಡಿಯೊಳಗಿನ ತೋಟೆಪೆಟ್ಟಿಗೆಯಿಂದ, ಇಳಿಜಾರು ಹತ್ತಿ ಚೇಂಬರಿಗೆ ಹೋಗಬೇಕು, ಹೋಗಲಿಲ್ಲ, ಅಷ್ಟೇ. ಹೆಚ್ಚಾಗಿ ಮ್ಯಾಗಜೀನ್ ಪೂರ್ತಿ ಕೂತಿರುವುದಿಲ್ಲ. ಅಂಗೈ ಬುಡದಿಂದ ಅದರ ತಳಕ್ಕೆ ಬಲವಾಗಿ ತಟ್ಟಿ, ಸ್ಲೈಡನ್ನು ಕೊನೆಯವರೆಗೂ ಎಳೆದು ಬಿಟ್ಟುಬಿಡಬೇಕು. ಕರಡಿನಲ್ಲಿ ‘ಮುಂದಕ್ಕೆ ತನ್ನಿ’ ಎಂದಿದ್ದರೆ ಹೊಡೆದುಹಾಕಿ. ಕೈ ಹಿಡಿದೇ ಮುಂದೆ ತಂದರೆ ಸ್ಪ್ರಿಂಗಿನ ಬಲ ಪೂರ್ತಿ ಸಿಗದೆ ತೋಟೆ ಮತ್ತೆ ಅರ್ಧಕ್ಕೇ ನಿಲ್ಲುತ್ತದೆ.

ಸ್ಟೋವ್‌ಪೈಪನ್ನು ‘ಒಲೆಕೊಳವೆ’ ಎಂದರೆ ನಮ್ಮವರಿಗೆ ಊದುಗೊಳವೆ ನೆನಪಾದೀತು. ‘ಖಾಲಿ ತೋಟೆ ನಿಂತಿದೆ’ ಎನ್ನಿ, ಕಣ್ಣಿಗೆ ಕಾಣುವುದೂ ಅದೇ. ಮಣಿಕಟ್ಟು ಸಡಿಲವಿದ್ದರೆ ಪಿಸ್ತೂಲೇ ಸ್ಲೈಡಿನ ಜೊತೆ ಹಿಂದಕ್ಕೆ ಹೋಗುತ್ತದೆ. ಸ್ಲೈಡಿಗೆ ಬೇಕಾದ ಓಟ ಸಿಗುವುದಿಲ್ಲ, ಖಾಲಿ ತೋಟೆ ಹೊರಬೀಳುವ ಮೊದಲೇ ಸ್ಲೈಡ್ ಮುಂದೆ ಬಂದು ಅದನ್ನು ಕಿಂಡಿಯಲ್ಲಿ ಹಿಡಿದುಬಿಡುತ್ತದೆ. ಸಣ್ಣ ಪಿಸ್ತೂಲಿನಲ್ಲಿ ಆ ಓಟ ಮೊದಲೇ ಗಿಡ್ಡ. ಹೆಬ್ಬೆರಳು ಸ್ಲೈಡಿಗೆ ಉಜ್ಜಿದರೂ ಹೀಗಾಗುತ್ತದೆ. ಬಿಡಿಸುವ ಕ್ರಮ ಹಿಂದಿನದೇ.

ಡಬಲ್ ಫೀಡ್‌ಗೆ ‘ಜೋಡಿ ತೋಟೆ’ ಆಗಬಹುದು. ಚೇಂಬರಿನಲ್ಲಿ ಒಂದು ಉಳಿದಿರುವಾಗಲೇ ಇನ್ನೊಂದು ಅದರ ಬೆನ್ನಿಗೆ ಬಂದು ಗುದ್ದಿರುತ್ತದೆ. ಇಲ್ಲಿ ತಳಕ್ಕೆ ತಟ್ಟಿದರೆ ಇನ್ನಷ್ಟು ಬಿಗಿಯುತ್ತದೆ. ಸ್ಲೈಡನ್ನು ಹಿಂದಕ್ಕೆ ನಿಲ್ಲಿಸಿ, ಮ್ಯಾಗಜೀನ್ ಕಿತ್ತು, ಸ್ಲೈಡನ್ನು ಮೂರು ಬಾರಿ ಎಳೆದು ಬಿಟ್ಟು, ಚೇಂಬರ್ ಖಾಲಿಯೇ ಎಂದು ನೋಡಿ, ಆಮೇಲೆ ಮ್ಯಾಗಜೀನ್. ಸ್ಲೈಡ್ ನಿಲ್ಲಿಸುವ ಸನ್ನೆ (ಲಿವರ್) ಹೊರಗೆ ಇಲ್ಲದ ಸಣ್ಣ ಪಿಸ್ತೂಲುಗಳಿವೆ. ಅಲ್ಲಿ ಒಂದು ಕೈಯಲ್ಲಿ ಸ್ಲೈಡ್ ಎಳೆದು ಹಿಡಿದೇ ಮ್ಯಾಗಜೀನ್ ಕೀಳಬೇಕೆಂದು ಬಿಡಿಸಿ ಬರೆಯಿರಿ.

ರಿಮ್‌ಲಾಕನ್ನು ಬಿಡುವಂತೆಯೇ ಇಲ್ಲ, ಅದು .32ಕ್ಕೆ ಅಂಟಿದ ಕಾಯಿಲೆ. ನಮ್ಮಲ್ಲಿ 9 ಮಿ.ಮೀ. ನಿಷೇಧಿತ ಬೋರು, ಹಾಗಾಗಿ ಲೈಸೆನ್ಸುದಾರರ ಕೈಯಲ್ಲಿರುವ ಪಿಸ್ತೂಲು ಬಹುಮಟ್ಟಿಗೆ .32. ಬಂದೂಕು ವಿನ್ಯಾಸಕ ಜಾನ್ ಬ್ರೌನಿಂಗ್ 1899ರ ಹೊತ್ತಿಗೆ ರೂಪಿಸಿದ ಈ ತೋಟೆಗೆ ಬುಡದಲ್ಲಿ ಸಣ್ಣ ಅಂಚು ಉಂಟು. ಅಂಚಿನ ಅಗಲ ಸುಮಾರು 9.1 ಮಿ.ಮೀ., ಮೈಯದು ಸುಮಾರು 8.5. ಹೊರಚಾಚಿರುವುದು ಕಾಲು ಮಿ.ಮೀ. ಚಿಲ್ಲರೆ. ಮ್ಯಾಗಜೀನಿನಲ್ಲಿ ಮೇಲಿನ ತೋಟೆಯ ಅಂಚು ಕೆಳಗಿನದರ ಅಂಚಿಗಿಂತ ಹಿಂದೆ ಸರಿದುಬಿಟ್ಟರೆ, ಸ್ಲೈಡ್ ಎಷ್ಟು ನೂಕಿದರೂ ಅದು ಮುಂದೆ ಹೋಗದು. ತಟ್ಟಿ ಎಳೆಯುವುದರಿಂದ ಉಪಯೋಗವಿಲ್ಲ, ಸಿಕ್ಕು ಇರುವುದು ಮ್ಯಾಗಜೀನಿನ ಒಳಗೆ. ಮ್ಯಾಗಜೀನ್ ಕಿತ್ತು, ಸ್ಲೈಡ್ ಎಳೆದು ಚೇಂಬರ್ ನೋಡಿ, ಬೇರೆ ಮ್ಯಾಗಜೀನ್ ಹಾಕಬೇಕು. ಕಿತ್ತದ್ದರಲ್ಲಿ ಎರಡನೆಯ ತೋಟೆಯನ್ನು ತೆಳ್ಳನೆಯ ಕಡ್ಡಿಯಿಂದ ಕೆಳಕ್ಕೆ ಒತ್ತಿ, ಮೇಲಿನದನ್ನು ಮುಂದಕ್ಕೆ ಜಾರಿಸಿ ತೆಗೆದು, ಎಲ್ಲವನ್ನೂ ಹೊಸದಾಗಿ ತುಂಬಬೇಕು.

ತುಂಬುವಾಗ ಸರಿಯಿದ್ದದ್ದು ಆಮೇಲೆ ಹೇಗೆ ತಪ್ಪುತ್ತದೆ? ಮ್ಯಾಗಜೀನ್ ಮಾಡಿರುವುದು ಸುಮಾರು 25 ಮಿ.ಮೀ. ಉದ್ದದ ತೋಟೆಗೆ. ತುದಿ ಟೊಳ್ಳಾದ ಹಾಲೋ ಪಾಯಿಂಟ್ ತೋಟೆಗಳು ಅನೇಕ ಸಲ ಅದಕ್ಕಿಂತ ಗಿಡ್ಡ. ಜಾಗ ಮಿಕ್ಕುತ್ತದೆ, ಒದೆತಕ್ಕೆ ತೋಟೆ ಹಿಂದೆ ಮುಂದೆ ಸರಿದಾಡುತ್ತದೆ. ಪೂರ್ತಿ ಲೋಹದ ಹೊದಿಕೆಯ ಉದ್ದ ತೋಟೆ ಬಳಸುವುದು ಸುಲಭದ ದಾರಿ. ಮ್ಯಾಗಜೀನಿನ ಹಿಂಬದಿಗೆ ತೆಳುವಾದ ಪಟ್ಟಿ ಕೂರಿಸುವುದೂ ಉಂಟು. ರಿಮ್‌ಲಾಕಿಗೆ ‘ಅಂಚುಕೊಕ್ಕೆ’ ಎಂಬುದು ನನ್ನ ಸೂಚನೆ.

ಉತ್ತರ 2:
ಅಂಚುಕೊಕ್ಕೆ ಎಂದರೆ ಯಾವುದೋ ಬಿಡಿಭಾಗದ ಹೆಸರಿನಂತಿದೆ. ಎಕ್ಸ್‌ಟ್ರಾಕ್ಟರಿಗೆ ಇಟ್ಟಿದ್ದರೆ ಚೆನ್ನಾಗಿ ಒಪ್ಪುತ್ತಿತ್ತು, ಖಾಲಿ ತೋಟೆಯ ಅಂಚಿಗೆ ಕೊಕ್ಕೆ ಹಾಕಿ ಎಳೆಯುವುದು ಅದೇ ತಾನೆ? ಬ್ರೇಕ್ ಕಚ್ಚಿಕೊಂಡಿದೆ ಎಂದು ಮೆಕ್ಯಾನಿಕ್‌ಗಳು ಹೇಳುವಂತೆ ‘ಅಂಚು ಕಚ್ಚಿಕೊಂಡಿದೆ’ ಎನ್ನಿ, ಯಾರಿಗೂ ವಿವರಿಸಬೇಕಾಗಿಲ್ಲ.

ಇನ್ನೊಂದು. ‘ತಟ್ಟಿ, ಎಳೆಯಿರಿ’ ಎನ್ನುವ ಮೊದಲು ಸದ್ದಿನ ಬಗ್ಗೆ ಒಂದು ಸಾಲು ಇರಲೇಬೇಕು. ‘ಠುಸ್’ ಎಂದು ಸಣ್ಣಗೆ ಬಂದರೆ ಗುಂಡು ನಳಿಗೆಯಲ್ಲೇ ನಿಂತಿರಬಹುದು. ಸ್ಲೈಡ್ ಮುಟ್ಟಿ ಮತ್ತೊಂದು ತೋಟೆ ಏರಿಸಕೂಡದು. ಪಿಸ್ತೂಲನ್ನು ಖಾಲಿ ಮಾಡಿ, ಬಿಚ್ಚಿ, ನಳಿಗೆಯ ತೂತಿನಲ್ಲಿ ಬೆಳಕು ಕಾಣುತ್ತದೆಯೇ ನೋಡಬೇಕು. ಬರೀ ‘ಟಕ್’ ಎಂದಿದ್ದರೆ, ರೇಂಜಿನಲ್ಲಾದರೆ ನಳಿಗೆಯ ಬಾಯಿಯನ್ನು ಗುರಿಯ ದಿಕ್ಕಿಗೇ ಇಟ್ಟು 30 ಸೆಕೆಂಡು ಕಾಯಬೇಕು, ಮದ್ದು ತಡವಾಗಿ ಹತ್ತಿಕೊಳ್ಳುವುದುಂಟು. ಇಷ್ಟು ಹೊತ್ತೂ ಬೆರಳು ಟ್ರಿಗರಿನ ಹೊರಗೆ. ಟ್ರಿಗರಿಗೆ ‘ಕುದುರೆ’ ಎಂದು ಹಾಕಲು ಹೋಗಬೇಡಿ, ಹ್ಯಾಮರನ್ನೂ ಕುದುರೆ ಎನ್ನುವವರಿದ್ದಾರೆ.