ಸಹಾಯ ಬೇಕು: ಆನ್ ಆರ್ಬರ್ ಫುಟ್‌ಬಾಲ್ ಪಂದ್ಯಕ್ಕೆ ರೂಮ್, ಪಾರ್ಕಿಂಗ್

ಎಲ್ಲರಿಗೂ ನಮಸ್ಕಾರ. ಊರಿಂದ ಬಂದಿರುವ ಅಪ್ಪ ಅಮ್ಮನಿಗೆ ಅಕ್ಟೋಬರ್‌ನಲ್ಲಿ ಇಲ್ಲಿ ಅಮೆರಿಕದ ಆನ್ ಆರ್ಬರ್ ಊರಿನ ಮಿಷಿಗನ್ ಸ್ಟೇಡಿಯಂನಲ್ಲಿ ಅಮೆರಿಕನ್ ಫುಟ್‌ಬಾಲ್ ಪಂದ್ಯ ತೋರಿಸಬೇಕು ಅಂತ ತುಂಬಾ ಆಸೆ. ಒಂದು ಲಕ್ಷಕ್ಕೂ ಜಾಸ್ತಿ ಜನ ಕೂರುವ ಜಾಗ ಅಲ್ವಾ! ಟಿಕೆಟ್ ಸಿಕ್ಕಿದೆ. ಶನಿವಾರ ಅನ್ನೋದು ಖಚಿತ, ಪಂದ್ಯ ಎಷ್ಟು ಗಂಟೆಗೆ ಅಂತ ಮಾತ್ರ ಇನ್ನೂ ಹೇಳಿಲ್ಲ. ಟಿವಿ ಚಾನೆಲ್‌ನವರು ಸಾಮಾನ್ಯವಾಗಿ 12 ದಿನ ಮುಂಚೆ ಹೇಳುತ್ತಾರೆ, ಕೆಲವೊಮ್ಮೆ ಬರೀ 6 ದಿನ.

ನಾವು ಚಿಕಾಗೋದಿಂದ ಕಾರಿನಲ್ಲಿ ಬರಬೇಕು, ಕಡಿಮೆ ಅಂದ್ರೂ ನಾಲ್ಕು ಗಂಟೆ. ಪಂದ್ಯ ಮಧ್ಯಾಹ್ನ 12ಕ್ಕೆ ಆದ್ರೆ, ಚಿಕಾಗೋ ಟೈಮ್ ಒಂದು ಗಂಟೆ ಹಿಂದೆ ಇರೋದ್ರಿಂದ ನಮಗೆ ಅದು 11. ಹಾಗಾಗಿ ಬೆಳಗಿನ ಜಾವ ಐದಕ್ಕೇ ಹೊರಡಬೇಕು. ಅಮ್ಮನಿಗೆ ಮಂಡಿ ನೋವು. ಅಷ್ಟು ದೂರ ಕೂತು ಬಂದು, ತಕ್ಷಣ ಸ್ಟೇಡಿಯಂ ಮೆಟ್ಟಿಲು ಇಳಿಯೋದು ಅವರಿಗೆ ಆಗಲ್ಲ. ಸಂಜೆ 7.30 ಆದ್ರೆ ಮುಗಿಯೋದು 11ರ ಹತ್ತಿರ, ಅಲ್ಲೇ ಉಳಿಯಬೇಕು. ವಿಚಾರಿಸಿದ ಹೋಟೆಲ್‌ನವರು ಎರಡು ರಾತ್ರಿ ಬುಕ್ ಮಾಡಲೇಬೇಕು, ಕ್ಯಾನ್ಸಲ್ ಮಾಡಿದ್ರೆ ದುಡ್ಡು ವಾಪಸ್ ಇಲ್ಲ ಅಂತಾರೆ.

ಆನ್ ಆರ್ಬರ್, ಕ್ಯಾಂಟನ್, ನೋವೈ ಕಡೆ ಇರುವವರು ದಯವಿಟ್ಟು ತಿಳಿಸಿ. ಕೊನೇ ವಾರದಲ್ಲಿ ಕ್ಯಾನ್ಸಲ್ ಮಾಡಬಹುದಾದ ರೂಮ್ ಎಲ್ಲಿ ಸಿಗುತ್ತೆ? ವಯಸ್ಸಾದವರು ಜಾಸ್ತಿ ನಡೆಯದ ಹಾಗೆ ಕಾರು ಎಲ್ಲಿ ನಿಲ್ಲಿಸೋದು? ಸ್ಟೇಡಿಯಂ ಒಳಗೆ ಬ್ಯಾಗ್ ಬಿಡದಿದ್ರೆ ಅಮ್ಮನ ಮಾತ್ರೆಗಳನ್ನು ಹೇಗೆ ತಗೊಂಡು ಹೋಗೋದು?